ಅತ್ತೆ ಕಾಯುತ್ತಿದ್ದ ಮಳೆ

ನಮ್ಮ ಮನೆಯಲ್ಲಿ ಹವಾಮಾನ ವರದಿಯನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕೇಳುತ್ತಿದ್ದವಳು ನಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು ಆ ಹೊತ್ತಿಗೆ ತೂಕಡಿಸುತ್ತಿರುತ್ತಿದ್ದೆ. ಅವಳಿಗೆ ಬಿತ್ತುವ ಹೊಲವಿರಲಿಲ್ಲ, ಬಿಸಿಲಿಗೆ ಹರವಿದ ಸಂಡಿಗೆಯೂ ಇರಲಿಲ್ಲ. ಆದರೂ ಸಂಜೆ ಸುದ್ದಿಯಲ್ಲಿ ಮೋಡದ ಚಿತ್ರ ಬರುವ ವೇಳೆಗೆ ನನ್ನ ಹೆಂಡತಿಯ ಕೈಯಿಂದ ರಿಮೋಟ್ ಕಿತ್ತುಕೊಂಡು, ಧಾರಾವಾಹಿಯಲ್ಲಿ ಅಳುತ್ತಿದ್ದ ಸೊಸೆಯನ್ನು ಅಳುವುದಕ್ಕೆ ಬಿಟ್ಟು, ಮಳೆಗೆ ಬಂದುಬಿಡುತ್ತಿದ್ದಳು. ವಿಷಯ ಇಷ್ಟೆ: ನಮ್ಮತ್ತೆಗೆ ಸಾಯುವುದಕ್ಕೆ ಒಂದು ಒಳ್ಳೆಯ ಮಳೆಯ ವರ್ಷ ಬೇಕಾಗಿತ್ತು.

ಅತ್ತೆಗೆ ತೊನ್ನು. ಮದುವೆಯಾಗಿ ಕೆಲವು ವರ್ಷಕ್ಕೆ ಬೆರಳ ತುದಿಯಲ್ಲಿ ಶುರುವಾದ ಬಿಳುಪು ಮುಪ್ಪಿನ ಹೊತ್ತಿಗೆ ಮೈಯೆಲ್ಲ ಹರಡಿ, ಕೊನೆಗೆ ಹುಟ್ಟಿನ ಬಣ್ಣವೇ ಅಲ್ಲಲ್ಲಿ ಮಚ್ಚೆಯ ಹಾಗೆ ಉಳಿದುಕೊಂಡಿತ್ತು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಹೂಳುವುದು ವಾಡಿಕೆ. ಆದರೆ ತೊನ್ನು ಬಂದವರನ್ನು ಹೂಳಬಾರದು, ಸುಡಬೇಕು, ಹೂತರೆ ಊರಿಗೆ ಮಳೆ ಹೋಗುತ್ತದೆ ಎಂಬ ಒಂದು ನಂಬಿಕೆ ಬಹಳ ಹಿಂದಿನಿಂದ ಇದೆ. ಅತ್ತೆಯ ಗಂಡನನ್ನು ಕೆರೆ ಏರಿಯ ಕೆಳಗಿನ ಹೊಲದಲ್ಲಿ ಹೂತಿದ್ದರು. ಮಕ್ಕಳಿಲ್ಲದ ಅತ್ತೆ ಆಮೇಲೆ ತವರಿಗೆ, ಅಂದರೆ ಅದೇ ಬೀದಿಯ ನಮ್ಮ ಮನೆಗೆ, ಬಂದು ಸೇರಿಕೊಂಡಳು. ಹೊಲ ಮೈದುನನ ಪಾಲಾಯಿತು. ಅದಕ್ಕೆ ಅವಳು ತಕರಾರು ತೆಗೆಯಲಿಲ್ಲ. ಗಂಡನ ಮಗ್ಗುಲಲ್ಲಿ ಮಲಗುವಷ್ಟು ಜಾಗ ಮಾತ್ರ ತನ್ನದು ಎಂದು ಬಾಯಿಮಾತಿನಲ್ಲೇ ಇಟ್ಟುಕೊಂಡಿದ್ದಳು.

ಅವಳಿಗೆ ಸಾವಿನ ಭಯವಿರಲಿಲ್ಲ. ಹೂತಮೇಲೆ ಅಗೆದು ತೆಗೆಯುತ್ತಾರೆ ಎಂಬ ಭಯವಿತ್ತು. ಅವಳಿನ್ನೂ ಲಂಗ ಉಡುತ್ತಿದ್ದಾಗ ಒಂದು ಬರ ಬಂದಿತ್ತಂತೆ. ಹಿಂದಿನ ವರ್ಷ ಹೂತಿದ್ದ ತೊನ್ನಿನ ಹೆಂಗಸೊಬ್ಬಳನ್ನು ಊರವರು ಹೊರಗೆ ತೆಗೆದು ಸುಟ್ಟರಂತೆ. ಆ ಹೆಂಗಸಿನ ಸೀರೆಯ ಅಂಚು ಇನ್ನೂ ಗಟ್ಟಿಯಾಗಿತ್ತು ಎಂದು ಅತ್ತೆ ಹೇಳುತ್ತಿದ್ದಳು.

ನಾನು ಸುಮ್ಮನಿರುವ ಜಾತಿಯವನಲ್ಲ. ತೊನ್ನು ಎಂದರೆ ಚರ್ಮದ ಬಣ್ಣ ಹೋಗುವುದು, ಮಳೆ ಎಂದರೆ ಸಮುದ್ರದ ಆವಿ ಗಾಳಿಯ ಜೊತೆ ಬರುವುದು, ಇವೆರಡರಲ್ಲಿ ಒಂದರ ಪರಿಚಯ ಇನ್ನೊಂದಕ್ಕೆ ಇಲ್ಲ, ಬೀಗರೂ ಅಲ್ಲ, ನೆಂಟರೂ ಅಲ್ಲ ಎಂದು ಅವಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಒಂದು ದಿನ ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನೀನು ಹೇಳೋದೆಲ್ಲ ಸರಿ ಕಣಪ್ಪ. ಆದ್ರೆ ಗುದ್ಲಿ ಹಿಡ್ಕೊಂಡು ಬರೋರೂ ನಿನ್ನ ಇಸ್ಕೂಲ್ನಾಗೇ ಅಲ್ವಾ ಓದಿರೋದು?" ಹೆಂಡತಿ ಒಳಗೆ ನಕ್ಕಿದ್ದು ಕೇಳಿಸಿತು.

ಆದ್ದರಿಂದ ಅತ್ತೆ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ಕೆರೆ ಕೋಡಿ ಬಿದ್ದ ವರ್ಷ ಸಾಯುವುದು. ಊರೆಲ್ಲ ನೀರಾಗಿರುವಾಗ ಮಳೆ ಹೋಗುತ್ತದೆ ಎಂದು ಯಾರು ಹೆದರುತ್ತಾರೆ? ನಾಲ್ಕೈದು ವರ್ಷ ನೀರು ನಿಂತರೆ ಅಷ್ಟರಲ್ಲಿ ಅವಳು ಮಣ್ಣಾಗಿರುತ್ತಾಳೆ, ಅಗೆದರೂ ಏನೂ ಸಿಕ್ಕುವುದಿಲ್ಲ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ಅದರಲ್ಲಿ ತಪ್ಪು ಹುಡುಕಲು ನನಗೇ ಆಗಲಿಲ್ಲ.

ಮಳೆಯ ಅಳತೆಯ ಮೇಲೆ ಮಾತ್ರ ನನಗೆ ಮೊದಲಿನಿಂದಲೂ ನಂಬಿಕೆ ಅಷ್ಟಕ್ಕಷ್ಟೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತಿಪ್ಪಸಂದ್ರಕ್ಕೂ ಕುದೂರಿಗೂ ನಡುವಿನ ನಮ್ಮೂರ ಶಾಲೆಯ ಅಂಗಳದಲ್ಲಿ ಒಂದು ಮಳೆ ಮಾಪಕವಿತ್ತು. ಅದರ ಲಾಳಿಕೆ ಒಂದು ಬೇಸಿಗೆ ಕಾಣೆಯಾಗಿ, ಹುಡುಕಿದರೆ ರೇಷನ್ ಅಂಗಡಿಯ ಸೀಮೆಎಣ್ಣೆ ಡ್ರಮ್ಮಿನ ಮೇಲೆ ಸಿಕ್ಕಿತು. ವಾಪಸ್ಸು ತಂದು ಕೂರಿಸಿದೆವು. ಆ ವರ್ಷ ನಮ್ಮೂರಿನ ಮಳೆಗೆ ಸೀಮೆಎಣ್ಣೆ ವಾಸನೆ ಇತ್ತು. ಈಗ ಆ ರಗಳೆಯಿಲ್ಲ. ಪಂಚಾಯಿತಿ ತಾರಸಿಯ ಮೇಲೆ ತಾನೇ ಅಳೆದು ತಾನೇ ಮೆಸೇಜು ಕಳಿಸುವ ಯಂತ್ರವಿದೆ. ಪಕ್ಕದ ತೆಂಗಿನ ಮರದ ಒಂದು ಗರಿ ಅದರ ಮೇಲೆ ಕೊಡೆ ಹಿಡಿದಿರುತ್ತದೆ. ಮಳೆ ನಿಂತು ಬಹಳ ಹೊತ್ತಾದ ಮೇಲೂ ಗರಿಯಿಂದ ತೊಟ್ಟಿಕ್ಕುವುದನ್ನು ಯಂತ್ರ ನಿಷ್ಠೆಯಿಂದ ಎಣಿಸಿಕೊಳ್ಳುತ್ತದೆ. ಗರಿ ಕಡಿಸಿ ಎಂದು ಹೇಳಿದ್ದಕ್ಕೆ, ಮರ ಖಾಸಗಿಯವರದು, ಯಂತ್ರ ಸರ್ಕಾರದ್ದು, ನಡುವೆ ಇರುವ ಗರಿಯ ವಿಚಾರದಲ್ಲಿ ಸ್ಪಷ್ಟ ಆದೇಶವಿಲ್ಲ ಎಂದು ತಿಳಿಸಿದರು.

ಕೊರೊನಾ ಮುಗಿಯಿತು ಎಂದು ಜನ ಮಾಸ್ಕು ಬಿಸಾಕಿದ ಮೇಲೆ ಆ ಮಳೆ ಬಂತಲ್ಲ, ಅದನ್ನು ಈ ಸೀಮೆಯಲ್ಲಿ ಯಾರೂ ಮರೆತಿಲ್ಲ. ಮಾಗಡಿಯ ಹಳೆಯ ಮಣ್ಣಿನ ಗೋಡೆಗಳು ಒಂದೊಂದಾಗಿ ಕೂತವು. ಕನಕಪುರದ ಕಡೆ ಬಸ್ಸು ಯಾವ ರಸ್ತೆಯಲ್ಲಿ ಹೋಗುತ್ತದೆ ಎನ್ನುವುದನ್ನು ಡ್ರೈವರು ಹಳ್ಳದ ದಂಡೆಗೆ ಹೋಗಿ ನೋಡಿ ತೀರ್ಮಾನಿಸುತ್ತಿದ್ದ. ರಾಮನಗರದಲ್ಲಿ ರೇಷ್ಮೆಗೂಡು ನೆನೆದು, ಗೂಡು ತಂದವರು ಅದನ್ನು ಮಾರುವುದೋ ಹಿಂಡುವುದೋ ತಿಳಿಯದೆ ನಿಂತಿದ್ದರು. ಹೊಸ ಹೆದ್ದಾರಿಯ ಮೇಲೆ ದೋಣಿಯ ಹಾಗೆ ನಿಂತ ಕಾರುಗಳನ್ನು ಪಕ್ಕದ ಹಳ್ಳಿಯ ಟ್ರಾಕ್ಟರುಗಳು ಎಳೆದು ದಡ ಸೇರಿಸಿದವು. ಚನ್ನಪಟ್ಟಣದ ನನ್ನ ನಾದಿನಿ ಫೋನು ಮಾಡಿ, ನೀರು ಅಡುಗೆಮನೆಗೆ ಬಂತು, ದೇವರಮನೆಗೆ ಬಂತು, ಈಗ ಮಂಚದ ಮೇಲೆ ಕೂತು ಮಾತಾಡುತ್ತಿದ್ದೇನೆ ಎಂದಳು. ಟೀವಿಯವರು ಸಾರ್ವಕಾಲಿಕ ದಾಖಲೆ, ಸಾರ್ವಕಾಲಿಕ ದಾಖಲೆ ಎಂದು ಕೂಗಿದರು. ಅವರಿಗೆ ದಾಖಲೆ ಎಂದರೆ ಅದು ನಮ್ಮೂರಿನವರು ಕಷ್ಟಪಟ್ಟು ಸಂಪಾದಿಸಿದ ಬಹುಮಾನ.

ನಮ್ಮ ಕೆರೆಯೂ ಕೋಡಿ ಬಿತ್ತು. ನನ್ನ ಮದುವೆಯ ಹೊತ್ತಿನಲ್ಲಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. ಬಾಗಿನ ಬಿಡುವುದಕ್ಕೆ ಮೂರು ಪಕ್ಷದವರು ಮೂರು ದಿನ ಬಂದರು. ಮೂವರೂ ಈ ಮಳೆ ತಮ್ಮ ಕಾಲ್ಗುಣದಿಂದ ಬಂತು ಎಂದು ಮೈಕಿನಲ್ಲಿ ಹೇಳಿದರು. ಅದೇ ಮಳೆಯಿಂದ ಮನೆ ಬಿದ್ದವರು ಪರಿಹಾರ ಕೇಳಿದಾಗ ಮಾತ್ರ ಅದು ಪ್ರಕೃತಿ ವಿಕೋಪವಾಯಿತು.

ಅತ್ತೆಯ ಸಂಭ್ರಮ ಹೇಳತೀರದು. ಏರಿಯ ಮೇಲೆ ನಿಂತು ಕೋಡಿಯ ನೀರು ನೋಡಿ ಬಂದವಳೇ ತಲೆ ತುಂಬ ನೀರು ಹಾಕಿಕೊಂಡು, ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದು ಗಾಳಿಗೆ ಹಾಕಿದಳು. ಇದನ್ನೇ ಉಡಿಸಬೇಕು, ಬಾಯಿಗೆ ಅಕ್ಕಿ ಹಾಕುವಾಗ ಜಾಸ್ತಿ ಹಾಕಬೇಡಿ, ನನಗೆ ಕೆಮ್ಮು ಬರುತ್ತದೆ ಎಂದು ನನ್ನ ಹೆಂಡತಿಗೆ ತಾಕೀತು ಮಾಡಿದಳು. ಆಮೇಲೆ ಚಾಪೆ ಹಾಸಿಕೊಂಡು ಮಲಗಿದಳು. ಊಟದ ಹೊತ್ತಿಗೆ ಎದ್ದು ಮುದ್ದೆ ಉಂಡು ಮತ್ತೆ ಮಲಗಿದಳು. ಹೀಗೇ ಶ್ರಾವಣ ಹೋಯಿತು, ಗೌರಿಹಬ್ಬ ಹೋಯಿತು. ತಣ್ಣನೆ ಹವೆಗೆ ಅವಳ ಹಸಿವು ಕೆರಳಿತ್ತು. ಅವರೆಕಾಯಿ ಕಾಲ ಬಂದಾಗ ಗಲ್ಲ ಕೂಡ ತುಂಬಿಕೊಂಡಿತು. ಅನುಮಾನ ಬಂದು ನಾನೇ ಕುದೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಿ.ಪಿ. ನೋಡಿ, ಅಜ್ಜಿ ಇನ್ನೂ ಹತ್ತು ವರ್ಷ ಗಟ್ಟಿ ಎಂದರು. ಅತ್ತೆ ದಾರಿಯುದ್ದಕ್ಕೂ ಆ ಡಾಕ್ಟರನ್ನು ಬೈದಳು. ಇಷ್ಟು ಒಳ್ಳೆಯ ಮಳೆ ವ್ಯರ್ಥವಾಯಿತಲ್ಲ ಎಂದು ಅವಳ ಸಂಕಟ.

ಮರುವರ್ಷ ಆಕಾಶ ಬಾಯಿ ಮುಚ್ಚಿಕೊಂಡಿತು. ರಾಗಿ ಮೊಳಕೆಯಲ್ಲೇ ಸುರುಟಿತು. ಬೇಸಿಗೆ ಬರುವಷ್ಟರಲ್ಲಿ ಟೀವಿಯವರು ಇನ್ನೊಂದು ದಾಖಲೆ ಕಂಡುಹಿಡಿದಿದ್ದರು, ಈ ಸಲ ಬಿಸಿಲಿನದು. ಬಾಗಿನ ಬಿಟ್ಟಿದ್ದ ಜಾಗದಲ್ಲಿ ಕ್ರಿಕೆಟ್ ಪಂದ್ಯ ನಡೆಯಿತು. ಅದರ ಉದ್ಘಾಟನೆಗೆ ಅದೇ ಮೂವರಲ್ಲಿ ಇಬ್ಬರು ಬಂದಿದ್ದರು. ನೀರಿನ ಟ್ಯಾಂಕರು ಬಂದರೆ ಊರಿನ ಬಿಂದಿಗೆಗಳೆಲ್ಲ ಬೀದಿಯಲ್ಲಿ ಸಾಲು ನಿಲ್ಲುತ್ತಿದ್ದವು. ಅತ್ತೆ ಹವಾಮಾನ ವರದಿ ನೋಡುವುದನ್ನು ಬಿಟ್ಟಳು. ರಿಮೋಟನ್ನು ನನ್ನ ಹೆಂಡತಿಯ ಕೈಗೇ ಕೊಟ್ಟು ಮೂಲೆಯಲ್ಲಿ ಕೂರುತ್ತಿದ್ದಳು. ಈಗ ಸಾಯಬಾರದು ಎಂದು ಹಟ ಹಿಡಿದವಳ ಹಾಗೆ ಗಂಟೆಗೊಮ್ಮೆ ಮಜ್ಜಿಗೆ ಕೇಳಿ ಕುಡಿಯುತ್ತಿದ್ದಳು. ಯುಗಾದಿ ಕಳೆದ ವಾರ, ಮಟಮಟ ಮಧ್ಯಾಹ್ನ, ಮಜ್ಜಿಗೆ ಲೋಟ ಕೆಳಗಿಟ್ಟು ಗೋಡೆಗೆ ಒರಗಿದಳು. ಅಷ್ಟೇ.

ಸಾವಿನ ಮನೆಗೆ ಬಂದವರು ಅತ್ತೆಯ ಗುಣವನ್ನು ಬಾಯಿ ತುಂಬ ಹೊಗಳಿದರು, ಆಮೇಲೆ ಒಬ್ಬೊಬ್ಬರಾಗಿ ಆಕಾಶ ನೋಡಿದರು. ಮೊದಲು ಬಾಯಿ ಬಿಟ್ಟವನು ಪಂಚಾಯಿತಿ ಮೆಂಬರು. ನನ್ನ ಹಳೆಯ ವಿದ್ಯಾರ್ಥಿ. ಎಂಟನೇ ಕ್ಲಾಸಿನಲ್ಲಿ ಜಲಚಕ್ರದ ಚಿತ್ರ ಬಹಳ ಅಂದವಾಗಿ ಬರೆದು ನನ್ನಿಂದ ಪೂರ್ತಿ ಅಂಕ ತೆಗೆದುಕೊಂಡವನು. ಅಪ್ಪನ ಹೊಲವನ್ನು ಲೇಔಟ್ ಮಾಡಿ, ಸೈಟು ಮಾರಿ, ಬಿಳಿ ಷರಟು ಹಾಕಿಕೊಂಡು ಓಡಾಡುತ್ತಿದ್ದ. ಅವನು ನಂಬಿಕೆಯ ಮಾತೇ ಎತ್ತಲಿಲ್ಲ. ಈಗ ಕರೆಂಟಿನ ಚಿತಾಗಾರ ಬಂದಿದೆ, ಹೊಗೆಯಿಲ್ಲ, ಪರಿಸರಕ್ಕೆ ಒಳ್ಳೆಯದು, ಗಾಡಿ ನಾನೇ ಕಳಿಸುತ್ತೇನೆ ಎಂದ. ವಿಜ್ಞಾನವನ್ನು ಇಷ್ಟು ಚೆನ್ನಾಗಿ ಉಪಯೋಗಿಸಿಕೊಂಡ ಶಿಷ್ಯ ನನಗೆ ಇನ್ನೊಬ್ಬನಿಲ್ಲ. ನಾನು ಎದ್ದು ನಿಂತು ಭಾಷಣ ಶುರುಮಾಡಿದೆ. ಸಮುದ್ರ, ಆವಿ, ಗಾಳಿ ಎಲ್ಲ ಬಂತು. ಬೀದಿಯಲ್ಲಿ ಖಾಲಿ ಬಿಂದಿಗೆಗಳ ಸಾಲು ಕಾಣುತ್ತಿತ್ತು. ಅದರ ಮುಂದೆ ನನ್ನ ಸಮುದ್ರ ಬಡವಾಯಿತು.

ಪೊಲೀಸಿಗೆ ಹೇಳುತ್ತೇನೆ ಎಂದು ಒಳಗೆ ಹೋಗಿ ಫೋನು ತೆಗೆದುಕೊಂಡೆ. ಹೆಂಡತಿ, ಪೊಲೀಸಿನವರ ಊರಲ್ಲೂ ಮಳೆ ಇಲ್ಲವಂತೆ, ಸುಮ್ಮನಿರಿ ಎಂದಳು.

ಹೊಲದ ಯಜಮಾನ ಅತ್ತೆಯ ಮೈದುನ. ನನಗೆ ವರಸೆಯಲ್ಲಿ ಮಾವ. ಊರಿನಲ್ಲಿ ನ್ಯಾಯ ಪಂಚಾಯಿತಿ ಅಂದರೆ ಜನ ಅವನ ಮುಖ ನೋಡುತ್ತಾರೆ. ಅಷ್ಟು ಹೊತ್ತು ಜಗಲಿಯ ಕಂಬಕ್ಕೆ ಒರಗಿ ತುಟಿ ಬಿಚ್ಚದೆ ಕೂತಿದ್ದವನು ಕೊನೆಗೆ ಹೇಳಿದ: "ಅಣ್ಣನ ಪಕ್ಕದಾಗೇ ಮಲಗ್ಲಿ. ರೋಣಿ ಮಳೆ ಕಳೆಯೋ ಹೊತ್ಗೆ ಒಂದು ಹದ ಮಳೆ ಆಗ್ಬೇಕು. ಆಗ್ದಿದ್ರೆ ತೆಗ್ದು ಸುಟ್ಬುಡಾನ. ಆಗ ನೀನೂ ಅಡ್ಡ ಬರಂಗಿಲ್ಲ."

ರೋಣಿ ಎಂದರೆ ರೋಹಿಣಿ. ಪಂಚಾಂಗದಲ್ಲಿ ಒಂದೊಂದು ನಕ್ಷತ್ರಕ್ಕೂ ಎರಡೆರಡು ವಾರದ ಮಳೆ ಹಂಚಿಟ್ಟಿದೆ. ಬೇಸಿಗೆಯ ಕೊನೆಗೆ ಭರಣಿ, ಕೃತ್ತಿಕೆ, ಆಮೇಲೆ ರೋಹಿಣಿ. ಹದ ಎನ್ನುವುದು ನಮ್ಮವರ ಅಳತೆ: ನೆಲ ಒಂದು ಗೇಣು ಆಳ ನೆನೆದು, ಅಲ್ಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು. ನಾನು ಒಪ್ಪಿಕೊಂಡೆ. ಆ ಬಿಸಿಲಿನಲ್ಲಿ ಹೆಣ ಇಟ್ಟುಕೊಂಡು ವಾದ ಮಾಡುವಂತಿರಲಿಲ್ಲ. ಅತ್ತೆಗೆ ಮದುವೆಯ ಸೀರೆ ಉಡಿಸಿ, ಗಂಡನ ಮಗ್ಗುಲಿಗೆ ಮಲಗಿಸಿ ಬಂದೆವು. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಗುಂಡಿ ತೆಗೆಯಲು ಹಾರೆ ಬೇಕಾಯಿತು.

ಅಂದಿನಿಂದ ನನ್ನ ಮರ್ಯಾದೆ ಮಣ್ಣುಪಾಲಾಯಿತು. ಸಾವಿಗೂ ಮಳೆಗೂ ಸಂಬಂಧವಿಲ್ಲ ಎಂದು ತೋರಿಸಬೇಕಾದರೆ ಮಳೆ ಬರಲೇಬೇಕು. ಮಳೆ ಬರಲಿ ಎಂದು ಊರಿನಲ್ಲಿ ನನ್ನಷ್ಟು ಹಂಬಲಿಸಿದವರು ಬೇರೆ ಯಾರೂ ಇಲ್ಲ. ಮೊಬೈಲಿನಲ್ಲಿ ಸಿಕ್ಕಿದ ಹವಾಮಾನದ ಆ್ಯಪುಗಳನ್ನೆಲ್ಲ ಹಾಕಿಕೊಂಡೆ. ಒಂದು ಗುಡುಗು ತೋರಿಸಿದರೆ ಇನ್ನೊಂದು ಸೂರ್ಯನನ್ನು ತೋರಿಸುತ್ತಿತ್ತು. ಯಾವುದು ಮಳೆ ತೋರಿಸುತ್ತದೋ ಅದು ವೈಜ್ಞಾನಿಕ ಎಂದು ನಂಬಿದೆ. ಭರಣಿಯಲ್ಲಿ ಸೋಲೂರಿಗೆ ಮಳೆಯಾಯಿತು. ಕೃತ್ತಿಕೆಯಲ್ಲಿ ಕುದೂರಿಗಾಯಿತು, ತಿಪ್ಪಸಂದ್ರದಲ್ಲಿ ಆಲಿಕಲ್ಲು ಬಿದ್ದು ಮಾವಿನಕಾಯಿ ಉದುರಿತಂತೆ. ಎರಡರ ನಡುವಿನ ನಮ್ಮೂರಿನ ಮೇಲೆ ಮೋಡ ಬಂದು, ಯಾರನ್ನೋ ವಿಚಾರಿಸಿಕೊಂಡು ಹೋದ ಹಾಗೆ ಹೋಗುತ್ತಿತ್ತು. ಜನ ಹೊಲದ ಕಡೆ ಹೋಗುವಾಗ ಗುಂಡಿಯ ಕಡೆ ಒಂದು ಕಣ್ಣು ಹಾಯಿಸಿ ಹೋಗುತ್ತಿದ್ದರು.

ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಕೂರಿಸಿ ಮನೆಮನೆಗೆ ತರುವ ಪದ್ಧತಿಯನ್ನು ನಾನು ಕ್ಲಾಸಿನಲ್ಲಿ ಮೂಢನಂಬಿಕೆಯ ಉದಾಹರಣೆಗೆ ಹೇಳುತ್ತಿದ್ದೆ. ಆ ರೋಹಿಣಿಯಲ್ಲಿ ನಮ್ಮ ಬಾಗಿಲಿಗೆ ಬಂದಾಗ ಒಂದು ಚೆಂಬು ನೀರು ಹಾಕಿದರೆ ಸಾಕಿತ್ತು, ಟ್ಯಾಂಕರಿನ ಒಂದು ಪೂರ್ತಿ ಬಿಂದಿಗೆ ಸುರಿದೆ. ಮಳೆರಾಯನ ಒಂದು ಕಿವಿ ಕರಗಿಹೋಯಿತು. ಇನ್ನೊಂದು ದಿನ ತಾರಸಿಯ ಮೇಲೆ ಪಡುವಣದ ಮೋಡ ನೋಡುತ್ತಿದ್ದಾಗ ಹೆಂಡತಿ ಬಂದಳು. ನನ್ನ ಎರಡೂ ಕೈ ಕೂಡಿಕೊಂಡಿದ್ದವು. ಬಿಸಿಲಿಗೆ ಅಡ್ಡ ಹಿಡಿದಿದ್ದೆ ಎಂದೆ. ಅವಳು ಒಣಗಿದ ಬಟ್ಟೆ ತೆಗೆದುಕೊಂಡು ಕೆಳಗೆ ಹೋದಳು.

ರೋಹಿಣಿಯ ಕೊನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಅಂಗಡಿಗಳ ಶೀಟು ಹಾರಿದವು. ದಪ್ಪ ಹನಿ ನಾಲ್ಕು ಬಿದ್ದು, ಆಮೇಲೆ ಮಳೆಯೇ ಬಂತು. ಅಂಗಳದಲ್ಲಿ ನೆನೆಯುತ್ತ ನಿಂತೆ, ಇನ್ನೂ ಬಾ ಇನ್ನೂ ಬಾ ಎಂದು ಬಾಯಿಬಿಟ್ಟು ಕೇಳಿದೆ. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಸುರಿದು ನಿಂತಿತು. ಪಂಚಾಯಿತಿಗೆ ಓಡಿದೆ. ಇಲಾಖೆಯ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರು ಬಿದ್ದರೆ ಅದು ಮಳೆಯ ದಿನ. ಯಂತ್ರ ಅದನ್ನು ದಾಟಿತ್ತು, ತೆಂಗಿನ ಗರಿ ಇನ್ನೂ ತೊಟ್ಟಿಕ್ಕಿ ಸಹಾಯ ಮಾಡುತ್ತಿತ್ತು. ಜೀವನದಲ್ಲಿ ಮೊದಲ ಸಲ ಆ ಗರಿಗೆ ಕೈ ಮುಗಿಯಬೇಕೆನಿಸಿತು.

ಮೆಂಬರು ಒಪ್ಪಲಿಲ್ಲ. ಮಾತಾಗಿದ್ದು ಹದ ಮಳೆಗೆ, ಮಿಲಿಮೀಟರಿಗಲ್ಲ ಎಂದ. ಅದು ನಿಜವೇ. ಹದ ನೋಡಲು ಎಲ್ಲರೂ ಕೆರೆ ಕೆಳಗಿನ ಹೊಲಕ್ಕೆ ಹೋದೆವು. ಇಬ್ಬರು ಗುದ್ದಲಿ ಹೆಗಲ ಮೇಲೆ ಇಟ್ಟುಕೊಂಡೇ ಬಂದಿದ್ದರು. ಮೆಂಬರು ಬೂಟಿನ ತುದಿಯಿಂದ ಹೊಲದ ನೆಲ ಕೆದಕಿದ. ಮೇಲೆ ಒಂದು ಬೆರಳು ದಪ್ಪ ಒದ್ದೆ, ಕೆಳಗೆ ಬೂದಿಯಂಥ ಒಣ ಮಣ್ಣು. ಅವನು ನನ್ನ ಮುಖ ನೋಡಿದ. ಸೀರೆಯ ಅಂಚು ಗಟ್ಟಿಯಾಗಿರುತ್ತದೆ ಎಂದು ನೆನಪಾಯಿತು.

ಆಗ ಮಾವ ಯಾರಿಗೂ ಏನೂ ಹೇಳದೆ ಅತ್ತೆಯ ಗುಂಡಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ತೋಳು ಮಡಿಸಿಕೊಂಡು, ಗುಡ್ಡೆಯ ಮಣ್ಣಿಗೆ ಬೆರಳು ಊರಿ ಒತ್ತಿದ. ಕೈ ಮಣಿಕಟ್ಟು ದಾಟಿ ಒಳಗೆ ಹೋಯಿತು. ಒಂದು ಹಿಡಿ ತೆಗೆದು ಹಿಂಡಿದ. ಮಣ್ಣು ಕಪ್ಪಗೆ, ಬೆರಳಿನ ಗುರುತು ಮೂಡಿಸಿಕೊಂಡು, ಉಂಡೆ ಕಟ್ಟಿತ್ತು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಅಂಗೈ ಮೇಲೆ ಇಟ್ಟುಕೊಂಡ.

"ಹದ ಆಗೈತೆ. ನಡೀರಿ" ಎಂದ.

ಅಗೆದು ಮುಚ್ಚಿದ ಸಡಿಲ ಮಣ್ಣು ನೀರನ್ನು ಆಳಕ್ಕೆ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಕಾದು ಬಿಗಿದ ಹೊಲದ ನೆಲದ ಮೇಲೆ ಅದೇ ನೀರು ಜಾರಿಹೋಗುತ್ತದೆ. ಇದಕ್ಕೆ ಕಾರಣವೇನು ಎಂದು ಪರೀಕ್ಷೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮೆಂಬರಿಗೆ ಮರೆತಿರಬೇಕು, ಅವನು ಸೈಟಿನ ಮಣ್ಣು ಮಾತ್ರ ಬಲ್ಲವನು. ನಾನು ತುಟಿ ಕಚ್ಚಿಕೊಂಡು ನಿಂತೆ. ಗುದ್ದಲಿ ತಂದಿದ್ದ ಇಬ್ಬರು ಹಳೆಯ ಬೇಸಾಯಗಾರರು ಉಂಡೆಯನ್ನೂ ನೋಡಿದರು, ಮಾವನ ಮುಖವನ್ನೂ ನೋಡಿದರು. ಅವರಲ್ಲೊಬ್ಬ, ಹೌದು ಹದವೇ, ಎಂದು ಹೇಳಿ ಬೀಡಿ ಹಚ್ಚಿಕೊಂಡ. ಎಲ್ಲರೂ ಹಿಂತಿರುಗಿದರು.

ಹದವಾದರೆ ಮರುದಿನವೇ ನೇಗಿಲೋ ಟ್ರಾಕ್ಟರೋ ಹೊಲಕ್ಕೆ ಇಳಿಯಬೇಕು, ಒಂದು ದಿನ ತಡಮಾಡಿದರೂ ಹಸಿ ಆರಿಹೋಗುತ್ತದೆ. ಮಾವ ಇಳಿಸಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ಟ್ರಾಕ್ಟರು ಮನೆಯ ಮುಂದೆ ಕೋಳಿಗಳಿಗೆ ನೆರಳಾಗಿ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಏರಿಯ ಮೇಲೆ ಸಿಕ್ಕಿದಾಗ, ಹದ ಆಗಿದೆ ಅಂದಿರಲ್ಲ ಮಾವ, ಹೊಲಕ್ಕೆ ಯಾಕೆ ಇನ್ನೂ ಏನೂ ಹಾಕಿಲ್ಲ ಎಂದು ಕೇಳಿದೆ.

"ಹೊಲಕ್ಕೆಲ್ಲಿ ಆಗೈತೆ? ನೀನು ಮೇಷ್ಟ್ರಾಗಿ ಅಷ್ಟೂ ಗೊತ್ತಾಗಲ್ವಾ" ಎಂದ. ಸ್ವಲ್ಪ ದೂರ ಹೋದವನು ನಿಂತ. ತಿರುಗಿ ನೋಡದೆಯೇ ಹೇಳಿದ: "ಅತ್ಗೆ ಇದ್ದಷ್ಟು ದಿನ ಅವ್ರ ಕೈಲಿ ಒಂದು ಲೋಟ ನೀರು ಇಸ್ಕೊಂಡು ಕುಡೀಲಿಲ್ಲ ಕಣಪ್ಪ ನಾನು. ಅವ್ರು ಕೊಡೋಕ್ ಬರೋರು. ನಾನು ಬಾಯಾರಿಕೆ ಇಲ್ಲ ಅನ್ನೋನು."

ಮೃಗಶಿರೆಯಲ್ಲಿ ಒಂದು ನಿಜವಾದ ಮಳೆ ಬಿದ್ದ ಮೇಲೆ ಅವನು ಬಿತ್ತನೆ ಮಾಡಿದ. ಗಂಡಹೆಂಡಿರ ಎರಡೂ ಗುಂಡಿಗಳ ಸುತ್ತ ಟ್ರಾಕ್ಟರಿನ ಚಕ್ರ ತಾಗದ ಹಾಗೆ ಒಂದು ಮಾರು ಜಾಗ ಬಿಟ್ಟು, ಅಲ್ಲಿ ಮಾತ್ರ ಕೈಯಿಂದ ಕಾಳು ಚೆಲ್ಲಿದ್ದ.